ಹೊಸ ಎಂಜಿನ್ ಆರುವ ಹೊತ್ತು

ಚಕ್ರ ನೆಲಕ್ಕೆ ತಾಗದ ಹಾಗೆ ರಿಮೋಟಿನಿಂದ ಓಡುವ ಪುಟ್ಟ ಟ್ರಕ್ಕನ್ನು ಮರದ ತುಂಡಿನ ಮೇಲೆ ಕೂರಿಸಿ, ದಾರ ಎಳೆದು ಎಳೆದು ರಟ್ಟೆ ನೋವು ಬಂದ ಮೇಲೆ, ಎಂಜಿನ್ ಒಮ್ಮೆ ಕೆಮ್ಮಿ ಹಿಡಿದುಕೊಂಡಿತು. ಅವನಿಗೆ ಸಂತೋಷವಾಗುವ ಮೊದಲೇ ಸಿಟ್ಟು ಬಂತು. ಇದೂ ನನ್ನ ಹಾಗೇ ಆಯಿತಲ್ಲ, ಎಂಜಿನ್ ಓಡುತ್ತಿದೆ, ಗಾಡಿ ಇದ್ದಲ್ಲೇ ಇದೆ. ಮೊಣಕಾಲೂರಿ ಕೂತವನ ಮುಖಕ್ಕೆ ನೀಲಿ ಹೊಗೆ ಬಡಿಯಿತು. ಹೊಗೆಕೊಳವೆಯಿಂದ ಸಿಡಿದ ಎಣ್ಣೆಯ ಹನಿಗಳು ಅಂಗಿಯ ತೋಳಿಗೆ ಅಂಟಿದವು. ಮುಷ್ಟಿಯೊಳಗೆ ಹಿಡಿಯಬಹುದಾದ ಎಂಜಿನ್ನು, ಸದ್ದು ಮಾತ್ರ ಬೀದಿಗೆಲ್ಲ ಕೇಳುವಷ್ಟು. ಪಕ್ಕದ ಮನೆಯವರು ಮಹಡಿಯಿಂದ ಬಗ್ಗಿ ನೋಡಿ, "ಏನ್ ಡ್ರೈವರ್ ಸಾಹೇಬ್ರೇ, ಬಸ್ಸು ತೊಳೆದು ತೊಳೆದು ಸಣ್ಣದಾಗಿಹೋಯ್ತಾ?" ಎಂದರು. ಅವನು ನಕ್ಕ. ನಗದಿದ್ದರೆ ಅದಕ್ಕೂ ಒಂದು ಅರ್ಥ ಹಚ್ಚುತ್ತಾರೆ. ಈಗೀಗ ಅವನು ಕೆಮ್ಮಿದರೂ ಅರ್ಥ, ಸುಮ್ಮನಿದ್ದರೂ ಅರ್ಥ.

ಅಂಗಡಿಯವನು ಗಾಡಿಯನ್ನು ಡಬ್ಬಿಯಿಂದ ತೆಗೆಯುವ ಮೊದಲೇ ಬುದ್ಧಿ ಹೇಳಲು ಶುರು ಮಾಡಿದ್ದ. "ಮೊದಲು ಓಡಿಸೋದಲ್ಲ ಸಾರ್, ಬರೀ ಉರಿಸೋದು. ಒಂದೆರಡು ಟ್ಯಾಂಕು ನಿಂತಲ್ಲೇ ಉರೀಲಿ. ಎಣ್ಣೆ ಜಾಸ್ತೀನೇ ಕುಡೀಲಿ, ಹೊಗೆ ಬರ್ಲಿ, ಹೆದರ್ಬೇಡಿ. ಆಮೇಲೆ ನೆಲಕ್ಕೆ ಬಿಡಿ, ಮೆತ್ತಗೆ. ಈಗ ಅವಸರ ಮಾಡಿದ್ರೆ ಜನ್ಮಪೂರ್ತಿ ಅಳುತ್ತೆ." ಹೊಸ ಗಾಡಿ ಪಳಗಿಸುವುದನ್ನು ನನಗೇ ಹೇಳಿಕೊಡುತ್ತಾನಲ್ಲ ಎಂದು ಅವನಿಗೆ ಒಳಗೊಳಗೇ ನಗು. ಡಿಪೋಗೆ ಹೊಸ ಬಸ್ಸು ಬಂದರೆ ಮೊದಲು ಅವನ ಕೈಗೇ ಕೊಡುತ್ತಿದ್ದರು. ಮ್ಯಾನೇಜರು ಕೀಲಿಯನ್ನು ಎಲ್ಲರೆದುರು ಅವನ ಅಂಗೈಗೆ ಹಾಕುತ್ತಿದ್ದರು, ಮಿಕ್ಕ ಡ್ರೈವರುಗಳು ಚಹಾದ ಲೋಟದೊಳಗೆ ನೋಡುತ್ತಿದ್ದರು. ಆದರೆ ಅಂಗಡಿಯವನು ಕೊನೆಗೆ ಹೇಳಿದ್ದು ಅವನಿಗೆ ಗೊತ್ತಿಲ್ಲದ ಸಂಗತಿ. ಈ ಎಂಜಿನ್ನಿನಲ್ಲಿ ಪಿಸ್ಟನ್ ಓಡಾಡುವ ಕೊಳವೆ ಮೇಲೆ ಹೋಗುತ್ತ ಕಿರಿದಾಗುತ್ತದಂತೆ. ಕಾದಾಗ ಹಿಗ್ಗಿ ಪಿಸ್ಟನ್ನಿಗೆ ದಾರಿ ಬಿಡುತ್ತದೆ, ಆರುವಾಗ ಕುಗ್ಗಿ ಹಿಡಿದುಕೊಳ್ಳುತ್ತದೆ. ಪಿಸ್ಟನ್ ಮೇಲೆ ನಿಂತಿರುವಾಗ ಆರಲು ಬಿಟ್ಟರೆ ಅಲ್ಲೇ ಕಚ್ಚಿಕೊಂಡು ಕೂರುತ್ತದೆ, ಹೊಸ ಎಂಜಿನ್ ಆದರೆ ಇನ್ನೂ ಬಿಗಿ. ಆದ್ದರಿಂದ ಪ್ರತಿ ಸಲ ಆಫ್ ಮಾಡಿದ ಕೂಡಲೇ, ಇನ್ನೂ ಬಿಸಿ ಇರುವಾಗಲೇ, ಅಡಿಯಲ್ಲಿರುವ ಫ್ಲೈವೀಲಿನ ಗಾಲಿಯನ್ನು ಬೆರಳಿನಿಂದ ತಿರುಗಿಸಿ ಪಿಸ್ಟನ್ನನ್ನು ಕೆಳಗಿಳಿಸಿಡಬೇಕು. "ಇದೊಂದು ಮರೀಬೇಡಿ," ಎಂದಿದ್ದ. ಅವನು ಹೆಂಡತಿಯ ಬಿಳಿ ಉಗುರು ಬಣ್ಣ ತಂದು ಫ್ಲೈವೀಲಿನ ಅಂಚಿಗೆ ಒಂದು ಚುಕ್ಕೆ ಇಟ್ಟಿದ್ದ; ಚುಕ್ಕೆ ನೆಲದ ಕಡೆಗಿದ್ದರೆ ಪಿಸ್ಟನ್ ಕೆಳಗಿದೆ ಎಂದು ಲೆಕ್ಕ. ಮರೆಯುವ ಜಾಯಮಾನ ಅವನದಲ್ಲ. ಬಸ್ಸಿನಿಂದ ಇಳಿಯುವಾಗ ಬ್ರೇಕು, ಗೇರು, ಕೀಲಿ, ಒಮ್ಮೆ ಹಿಂದಿನ ಚಕ್ರದ ಕಡೆ ನೋಟ, ಇಷ್ಟನ್ನು ಮಾಡದೆ ಅವನು ಒಂದು ದಿನವೂ ಇಳಿದವನಲ್ಲ. ಜ್ವರ ಬಂದ ದಿನವೂ ಮಾಡಿದ್ದಾನೆ, ಅಪ್ಪ ಸತ್ತ ಸುದ್ದಿ ಡಿಪೋಗೆ ಬಂದ ದಿನವೂ ಮಾಡಿದ್ದಾನೆ.

ಒಳಗೆ ಹೊಲಿಗೆ ಮಷೀನಿನ ಸದ್ದು ನಿಂತಿತು. ನಿಂತಿತು ಎಂದರೆ ಹೆಂಡತಿ ಕಿಟಕಿಯಿಂದ ನೋಡುತ್ತಿದ್ದಾಳೆ ಎಂದರ್ಥ. ಮುಂದಿನ ಕೋಣೆಯ ಕಿಟಕಿಗೆ ಮಷೀನು ಆನಿಸಿ ಅವಳು ಶಾಲೆಯ ಯೂನಿಫಾರಂ ಹೊಲಿಯುತ್ತಾಳೆ. ಮೊದಲೆಲ್ಲ ಬೆಳಕು ಎಡಗಡೆಯಿಂದ ಬೀಳಬೇಕೆಂದು ಮಷೀನು ಆಚೆ ಗೋಡೆಗಿತ್ತು. ಅವನನ್ನು ಬಸ್ಸಿನಿಂದ ಇಳಿಸಿದ ಮೇಲೆ ಅದು ಕಿಟಕಿಗೆ ಬಂತು. ಬಚ್ಚಲಿನ ಚಿಲಕ ಒಂದು ದಿನ ಕೆಟ್ಟಿತು, ಆಮೇಲೆ ಸರಿಯಾಗಲೇ ಇಲ್ಲ. ಅವನು ರಿಪೇರಿಗೆ ಕೈ ಹಾಕಿದರೆ, "ಇರ್ಲಿ ಬಿಡಿ, ನಾವಿಬ್ಬರೇ ತಾನೆ," ಎನ್ನುತ್ತಾಳೆ. ಕೆಲವು ಸಲ ಚಹಾ ಕುಡಿಯುತ್ತ ಕೂತಿರುವಾಗ ಲೋಟ ತಣ್ಣಗಾಗಿಬಿಟ್ಟಿರುತ್ತದೆ, ಪಕ್ಕದಲ್ಲಿ ಅವಳು ನಿಂತಿರುತ್ತಾಳೆ, ಲೋಟ ತೆಗೆದುಕೊಂಡು, "ಬಿಸಿ ಮಾಡ್ಕೊಂಡು ಬರ್ತೀನಿ," ಎಂದು ಹೋಗುತ್ತಾಳೆ. ಯಾವಾಗ ಬಂದು ನಿಂತಳೋ. ಕಾವಲು ಕಾಯುವುದಕ್ಕೂ ಒಂದು ಮಿತಿ ಬೇಡವೇ ಎಂದು ಅವನಿಗೆ ಉರಿಯುತ್ತದೆ. ನಾಳೆ ಡಾಕ್ಟರು ಸಹಿ ಮಾಡಿಬಿಟ್ಟರೆ ಇದೆಲ್ಲ ಮುಗಿಯುತ್ತದೆ. ನಾಳೆ ಬೆಳಿಗ್ಗೆ ಇಬ್ಬರೂ ಆಸ್ಪತ್ರೆಗೆ ಹೋಗಬೇಕು. ಇಷ್ಟು ತಿಂಗಳಲ್ಲಿ ಮತ್ತೆ ಆಗಿದೆಯಾ ಎಂದು ಡಾಕ್ಟರು ಅವನನ್ನು ಕೇಳುತ್ತಾರೆ, ಆಮೇಲೆ ಅವಳನ್ನು ಕೇಳುತ್ತಾರೆ. ಅವನ ಮಾತಿಗಿಂತ ಅವಳ ಮಾತಿಗೇ ಬೆಲೆ, ಯಾಕೆಂದರೆ ಆಗುವುದು ಆಗುವವನಿಗೆ ಗೊತ್ತಾಗುವುದಿಲ್ಲವಂತೆ. ಆಗಿಲ್ಲ ಎಂದರೆ ಬಸ್ಸು. ಆಗಿದೆ ಎಂದರೆ ಮತ್ತೆ ಮೊದಲಿಂದ ಕಾಯುವುದು, ಅವನ ವಯಸ್ಸಿಗೆ ಅದರರ್ಥ ಬಸ್ಸು ಮುಟ್ಟುವುದೇ ಇಲ್ಲ.

ಆದದ್ದಾದರೂ ಏನು? ಅವನನ್ನು ಕೇಳಿದರೆ ಏನೂ ಆಗಿಲ್ಲ. ಸಿಗ್ನಲ್ ಕೆಂಪಿತ್ತು, ನಿಲ್ಲಿಸಿದ. ಆಮೇಲೆ ಕಂಡಕ್ಟರ್ ಅವನ ಹೆಗಲು ಹಿಡಿದು ಅಲ್ಲಾಡಿಸುತ್ತಿದ್ದ, ಹಿಂದೆ ಹಾರ್ನುಗಳು, ಬಸ್ಸಿನೊಳಗೆ ಒಬ್ಬ ಹೆಂಗಸು, "ಕುಡಿದಿದಾನೆ, ಇಳೀರಿ ಎಲ್ಲಾ," ಎನ್ನುತ್ತಿದ್ದಳು. ಸಿಗ್ನಲ್ ಹಸಿರಾಗಿ, ಕೆಂಪಾಗಿ, ಮತ್ತೆ ಹಸಿರಾಗಿತ್ತು. ಒಂದು ಹನಿ ಬಾಯಿಗೆ ಹಾಕದವನು ಎಲ್ಲರೆದುರು ಬಾಯಿ ಊದಿ ತೋರಿಸಬೇಕಾಯಿತು. ಒಂದು ಗೀರಿಲ್ಲ, ಯಾರಿಗೂ ಏಟಿಲ್ಲ. ಕಂಡಕ್ಟರ್ ಹೊಟ್ಟೆಗೆ ಹಾಕಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಎಷ್ಟು ವರ್ಷ ಒಂದೇ ಬುತ್ತಿ ಬಿಚ್ಚಿ ಉಂಡವನು, ಅದೇ ಸಂಜೆ ಡಿಪೋಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ತುಟಿ ಚಪ್ಪರಿಸುತ್ತಿದ್ದರು, ಕಣ್ಣು ತೆರೆದೇ ಇತ್ತು, ಕರೆದರೆ ಓಗೊಡಲಿಲ್ಲ ಎಂದ. ಅದೂ ಒಂದು ಬಗೆಯ ಮೂರ್ಛೆಯೇ ಎಂದರು ಡಾಕ್ಟರು. ಆಮೇಲಿನಿಂದ ಅವನು ಡಿಪೋದ ಉಗ್ರಾಣದಲ್ಲಿ ಬೋಲ್ಟು, ಬೆಲ್ಟು ಕೊಡುವ ಕೆಲಸದಲ್ಲಿದ್ದಾನೆ. ನಿನ್ನೆ ಮೊನ್ನೆ ಲೈಸೆನ್ಸ್ ಮಾಡಿಸಿದ ಹುಡುಗರು ಕಿಂಡಿಯಲ್ಲಿ ಕೈ ತೂರಿಸಿ, "ಸ್ಟೋರಣ್ಣ, ಒಂದು ವೈಪರ್ ಕೊಡಿ," ಎನ್ನುತ್ತಾರೆ. ಕೊಡುತ್ತಾನೆ. ಕೊಟ್ಟ ಮೇಲೆ ಕೈ ಮೇಜಿನ ಕೆಳಗೆ ತಾನಾಗಿ ಗೇರು ಹುಡುಕುತ್ತದೆ. ಆ ಕೈಗೆ ಏನಾದರೊಂದು ಕೊಡಬೇಕೆಂದೇ ಈ ಟ್ರಕ್ಕು ತಂದದ್ದು. ಅದನ್ನು ಯಾರಿಗೂ ಹೇಳಿಲ್ಲ, ಎಂಜಿನ್ ಕೆಲಸ ಮರೆತುಹೋಗಬಾರದೆಂದು ತಂದೆ ಎಂದಿದ್ದಾನೆ.

ನಿಂತಲ್ಲೇ ಉರಿಸುವ ಟ್ಯಾಂಕುಗಳು ಮುಗಿದವು. ಪ್ರತಿ ಸಲ ಚುಕ್ಕೆ ಕೆಳಗೆ ತಂದಿಟ್ಟು, ಎಂಜಿನ್ ಪೂರ್ತಿ ತಣ್ಣಗಾಗುವ ತನಕ ಮೆಟ್ಟಿಲ ಮೇಲೆ ಕೂತು ಕಾದ. ಕಾಯುವುದು ಅವನಿಗೆ ಹಿಡಿಸಿತು. ಯಾರೋ ಕಾಯಿಸುವುದಲ್ಲ, ತಾನೇ ಕಾಯುವುದು. ಮತ್ತೆ ಗುಲಾಬಿ ಬಣ್ಣದ ಇಂಧನ ತುಂಬಿ, ಪ್ಲಗ್ಗನ್ನು ಕಾಯಿಸುವ ಕಡ್ಡಿ ಸಿಕ್ಕಿಸಿ, ಈ ಸಲ ಟ್ರಕ್ಕನ್ನು ನೆಲಕ್ಕೆ ಬಿಟ್ಟ. ಪಿಸ್ತೂಲಿನಂಥ ರಿಮೋಟು, ಬದಿಯಲ್ಲಿ ಡಬ್ಬಿಯ ಮುಚ್ಚಳದಷ್ಟು ಸ್ಟೀರಿಂಗು. ಮುಚ್ಚಳವಾದರೇನು, ತಿರುಗಿಸಿದ ಕಡೆ ತಿರುಗಿತು. ಬೆರಳು ಒಂದಿಷ್ಟು ಒತ್ತಿದರೆ ಹೊರಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಒತ್ತಿ ಹಿಡಿಯಬಾರದು, ಒತ್ತುವುದು, ಬಿಡುವುದು, ಅಷ್ಟೇ. ನಲ್ಲಿಯ ಪಕ್ಕದಿಂದ ಗೇಟಿನವರೆಗೆ, ಗೇಟಿನಿಂದ ಬಟ್ಟೆ ಒಣಗುವ ತಂತಿಯ ಕೆಳಗೆ. ಹೊಗೆ ಅಂಗಳದಲ್ಲೇ ನಿಂತಿತ್ತು. ಅಲ್ಲಿ ನಿಲ್ದಾಣ, ಇಲ್ಲಿ ತಿರುವು, ಕಾಂಪೌಂಡ್ ಗೋಡೆಯ ಹತ್ತಿರ ವೇಗ ತಗ್ಗಿಸಬೇಕು. ಹೊಟ್ಟೆಯೊಳಗಿಂದ ಏನೋ ಮೇಲೆ ಬಂದ ಹಾಗಾಯಿತು, ಸಂತೋಷವಿರಬೇಕು ಎಂದುಕೊಂಡ. ಗೋಡೆ ಹತ್ತಿರ ಬರುತ್ತಿತ್ತು, ಗೋಡೆಯ ಮೇಲೆ ಬಿಸಿಲಿತ್ತು.

ಹೊಲಿಗೆ ಮಷೀನಿನ ಸದ್ದು. ಒಂದೇ ಸಮನೆ, ನಿಲ್ಲದೆ. ಅವನು ಮೆಟ್ಟಿಲ ಮೇಲೆ ಕೂತಿದ್ದ. ಬಾಯಿ ಒಣಗಿತ್ತು, ಅಂಗಿಯ ಎದೆ ಒದ್ದೆಯಾಗಿತ್ತು. ರಿಮೋಟು ಪಕ್ಕದಲ್ಲಿತ್ತು. ಟ್ರಕ್ಕು ಅಂಗಳದ ಆಚೆ ತುದಿಯಲ್ಲಿ ಮೂತಿಯನ್ನು ಗೋಡೆಗೆ ಒತ್ತಿ ನಿಂತಿತ್ತು, ಸದ್ದಿರಲಿಲ್ಲ, ಹೊಗೆಯೂ ಇರಲಿಲ್ಲ. ಸಿಗ್ನಲ್ ಸಿಗಲಿಲ್ಲವೇನೋ ಎಂದುಕೊಂಡ. ರಿಮೋಟಿನ ಬ್ಯಾಟರಿ ಹೋಗಿರಬೇಕು. ಇಲ್ಲವೆ ಈ ಕೇಬಲ್ಲು, ಈ ಟವರು, ಒಂದಕ್ಕೊಂದು ಅಡ್ಡ ಬಂದು ಗಾಡಿ ಕೈತಪ್ಪಿರಬೇಕು. ಮೆಟ್ಟಿಲಿಗೆ ತಾನು ಬಂದು ಕೂತದ್ದು ಯಾವಾಗ ಎಂಬ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಿ, ಎದ್ದು ಹೋಗಿ ರಿಮೋಟಿನ ಸ್ಟೀರಿಂಗು ತಿರುಗಿಸಿ ನೋಡಿದ. ಟ್ರಕ್ಕಿನ ಮುಂಚಕ್ರಗಳು ಹೇಳಿದ ಹಾಗೆ ಎಡಕ್ಕೂ ಬಲಕ್ಕೂ ತಿರುಗಿದವು. ಬ್ಯಾಟರಿಗೆ ಏನೂ ಆಗಿರಲಿಲ್ಲ. ಟ್ಯಾಂಕು ಖಾಲಿಯಾಗಿತ್ತು. ಹಿಂದಿನ ಚಕ್ರಗಳು ಒಂದೇ ಕಡೆ ಸುತ್ತಿ ಸುತ್ತಿ ಮಣ್ಣಿನಲ್ಲಿ ಎರಡು ಗುಂಡಿ ತೋಡಿದ್ದವು, ಒಂದೊಂದೂ ಬೊಗಸೆಯಷ್ಟು ಆಳ. ಅವನು ಎಂಜಿನ್ನಿಗೆ ಬೆರಳು ತಾಗಿಸಿದ, ಸುಡಬಹುದೆಂದು ಅಂಜುತ್ತ. ಸುಡಲಿಲ್ಲ. ಬಗ್ಗಿ ಫ್ಲೈವೀಲು ನೋಡಿದರೆ ಬಿಳಿ ಚುಕ್ಕೆ ಮೇಲಿತ್ತು, ಪಿಸ್ಟನ್ ಮೇಲೇ ನಿಂತುಬಿಟ್ಟಿತ್ತು.

ಫ್ಲೈವೀಲು ತಿರುಗಲಿಲ್ಲ. ಬಟ್ಟೆ ಸುತ್ತಿ ಹಿಡಿದು ಜೋರು ಮಾಡಿದರೂ ಜಗ್ಗಲಿಲ್ಲ. ಅವನಿಗೆ ಬೇಕಾದ ಎಲ್ಲ ಸುಳ್ಳುಗಳೂ ಸಿದ್ಧವಿದ್ದವು, ಬಿಸಿಲಿಗೆ ತಲೆ ಸುತ್ತಿರಬೇಕು, ಹೊಗೆ ಕುಡಿದು ಮಂಪರು ಹಿಡಿದಿರಬೇಕು, ಕೂತಲ್ಲೇ ತೂಕಡಿಸಿರಬೇಕು. ಆದರೆ ಕೈ ಒಪ್ಪಲಿಲ್ಲ. ಅಪ್ಪ ಸತ್ತ ದಿನವೂ ಬ್ರೇಕು ಎಳೆದು ಇಳಿದ ಕೈ ಬಿಸಿ ಎಂಜಿನ್ನನ್ನು ಹಾಗೇ ಬಿಟ್ಟು ಬಂದು ಮೆಟ್ಟಿಲ ಮೇಲೆ ಕೂರುವುದಿಲ್ಲ. ತಾನು ಇಲ್ಲಿರಲಿಲ್ಲ. ಎಂಜಿನ್ ಗೋಡೆಗೆ ಗುದ್ದುತ್ತ, ಟ್ಯಾಂಕು ಮುಗಿದು, ನಿಂತು, ಆರಿ, ಕಚ್ಚಿಕೊಳ್ಳುವಷ್ಟು ಹೊತ್ತು ತಾನು ಎಲ್ಲಿಯೂ ಇರಲಿಲ್ಲ. ಅವನು ಮೊದಲು ಮಾಡಿದ್ದು ಕಾಲಿನಿಂದ ಮಣ್ಣೆಳೆದು ಆ ಗುಂಡಿಗಳನ್ನು ಮುಚ್ಚಿದ್ದು. ಒಂದನ್ನು ಮುಚ್ಚಿ ತುಳಿದ, ಇನ್ನೊಂದನ್ನು ಮುಚ್ಚಿ ತುಳಿದ, ಆಮೇಲೆ ತುಳಿದದ್ದೇ ಎದ್ದು ಕಾಣುತ್ತದೆಂದು ಅದರ ಮೇಲೆ ಒಣ ಎಲೆ ಎಳೆದ. ಬೆಕ್ಕು ಹೀಗೇ ಮಾಡುತ್ತದೆ ಎಂದು ನೆನಪಾಗಿ ನಾಚಿಕೆಯಾಯಿತು. ಕಿಟಕಿಯ ಕಡೆ ನೋಡಿದ. ಮಷೀನು ಓಡುತ್ತಲೇ ಇತ್ತು. ಅವಳು ನೋಡಿಲ್ಲ ಎಂದು ಧೈರ್ಯ ತಂದುಕೊಂಡ.

ಕಚ್ಚಿಕೊಂಡ ಪಿಸ್ಟನ್ ಬಿಡಿಸಬೇಕಾದರೆ ಎಂಜಿನ್ನಿನ ತಲೆಯನ್ನು ಮತ್ತೆ ಬಿಸಿ ಮಾಡಬೇಕು. ಅವನು ಒಳಗೆ ಹೋಗಿ ಕೂದಲು ಒಣಗಿಸುವ ಡ್ರೈಯರ್ ಎಲ್ಲಿದೆ ಎಂದು ಕೇಳಿದ. ಅವಳು ಬಟ್ಟೆಯಿಂದ ಕಣ್ಣು ತೆಗೆಯದೆ, "ಕಪಾಟಿನ ಕೆಳಗಿನ ಖಾನೇಲಿ," ಎಂದಳು. ಆಮೇಲೆ, "ಯಾಕೆ?" ಎಂದಳು.

"ಎಂಜಿನ್ ಸ್ವಲ್ಪ ಬಿಗಿಯಾಗಿದೆ. ಹೊಸದಲ್ವಾ."

"ಕೆಟ್ಟುಹೋಯ್ತಾ?"

"ಕೆಡೋದೇನು. ಬಿಸಿ ಮಾಡಿದ್ರೆ ಬಿಡುತ್ತೆ."

"ನಿಧಾನ ಮಾಡಿ. ಜೋರು ಮಾಡಬೇಡಿ," ಎಂದು ಅವಳು ಪೆಡಲಿನ ಮೇಲೆ ಕಾಲಿಟ್ಟಳು, ತುಳಿಯಲಿಲ್ಲ. "ರೀ, ಅಂಗಿ ಬದಲಾಯಿಸಿಕೊಳ್ಳಿ. ಒದ್ದೆಯಾಗಿದೆ."

"ನೀರು ಕುಡಿಯುವಾಗ ಚೆಲ್ಲಿತು," ಎಂದ ಅವನು. ಅವಳು ಹೂಂ ಎಂದಳು. ಡ್ರೈಯರ್ ಹಿಡಿದು ಎಂಜಿನ್ನಿಗೆ ಬಿಸಿಗಾಳಿ ಊದುತ್ತ ಕೂತಾಗ, ಬಾವಿಗೆ ಬಿದ್ದ ಬಿಂದಿಗೆ ತೆಗೆಯುವವನ ತಾಳ್ಮೆ ಅವನಿಗೆ ಎಲ್ಲಿಂದಲೋ ಬಂತು. ಕೊನೆಗೆ ಟಕ್ ಎಂದು ಸಣ್ಣ ಸದ್ದಾಗಿ ಫ್ಲೈವೀಲು ಬೆರಳಿಗೆ ಬಗ್ಗಿತು. ಚುಕ್ಕೆ ಕೆಳಗಿಳಿಸಿದ. ಇಷ್ಟೇ ಸುಲಭವಾಗಿ ನಾಳೆ ಡಾಕ್ಟರೆದುರು ಇಲ್ಲ ಎಂದುಬಿಡಬಹುದು. ಒಂದೇ ಸಲ, ಮನೆಯ ಅಂಗಳದಲ್ಲಿ, ಆಟದ ಸಾಮಾನಿನ ಜೊತೆ. ಮಾತ್ರೆ ನುಂಗಿದ್ದು ಒಂದು ಹೊತ್ತು ತಪ್ಪಿರಬಹುದು. ಇನ್ನು ಮೇಲೆ ತಪ್ಪಿಸದಿದ್ದರಾಯಿತು.

ಮಧ್ಯಾಹ್ನ ಊಟದ ತಟ್ಟೆ ಎತ್ತುವ ಹೊತ್ತಿಗೆ ಕಂಡಕ್ಟರ್ ಬಂದ. ಆ ಸಂಜೆಯ ಮೇಲೆ ಈ ಹೊಸಲು ತುಳಿದಿರಲಿಲ್ಲ. ಡಿಪೋದಲ್ಲಿ ಎದುರು ಸಿಕ್ಕರೂ ಇಬ್ಬರೂ ಬಸ್ಸಿನ ನಂಬರು ಓದುತ್ತ ದಾಟಿಹೋಗುತ್ತಿದ್ದರು. ಈಗ ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಅತ್ತಿಗೆ, ಚೆನ್ನಾಗಿದೀರಾ," ಎಂದು ಅವಳನ್ನು ಮಾತಾಡಿಸಿ, ಅವನನ್ನು ನೋಡದೆ ಅಂಗಳಕ್ಕೆ ನಡೆದು ಟ್ರಕ್ಕಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಚಕ್ರ ತಿರುಗಿಸಿ ನೋಡಿದ. ಹಳೇ ಸಲಿಗೆ ಬಾಯಿಗೆ ಬಂದಿರಬೇಕು, "ಇದಕ್ಕೆ ಕಂಡಕ್ಟರ್ ಸೀಟೇ ಇಲ್ವಲ್ಲಣ್ಣಾ," ಎಂದ.

"ಡಿಪೋಗೆ ಹೋಗಿ ಹೇಳೋವ್ರು ಇರಬಾರದು ಅಂತಾನೇ ಇಂಥದ್ದು ತಗೊಂಡೆ."

ಕಂಡಕ್ಟರ್ ಮುಖ ಇಳಿಯಿತು. ಅವನಿಗೆ ಆಡಿದ್ದು ಜಾಸ್ತಿಯಾಯಿತು ಅನ್ನಿಸಿತು, ಆಡಿದ್ದಕ್ಕೆ ಒಂದು ಬಗೆಯ ಸುಖವೂ ಆಯಿತು. ಆಮೇಲೆ ಕಂಡಕ್ಟರ್ ಮಣ್ಣು ಗೀರುತ್ತ ಹೇಳಿದ: "ಬೈಯೋದಿದ್ರೆ ಬೈದುಬಿಡಿ. ನಾನು ಬಂದಿದ್ದು ಬೇರೆ ವಿಷಯಕ್ಕೆ. ಮ್ಯಾನೇಜರು ಮುಂದಿನ ವಾರದ ಡ್ಯೂಟಿಗೆ ನಿಮ್ಮ ಹೆಸರು ಹಾಕಿದಾರೆ. ನಮ್ಮ ಹಳೇ ರೂಟೇ. ನಾಳೆ ಡಾಕ್ಟರು ಹೂಂ ಅಂದ್ರೆ ಮುಗೀತು. ಇನ್ನೊಬ್ಬ ಕಂಡಕ್ಟರ್ ಕೊಡ್ತೀನಿ ಅಂದ್ರು. ನಾನೇ ಬರ್ತೀನಿ ಅಂದೆ."

"ಹೆದರಿಕೆ ಆಗಲ್ವಾ ನಿನಗೆ?"

"ಹೆದರಿಕೆ ಆಗಿದ್ದು ಅವತ್ತು. ಅದಕ್ಕೇ ಹೇಳಿದ್ದು." ಕಂಡಕ್ಟರ್ ತಲೆಯೆತ್ತಿದ. "ಈಗ ವಾಸಿಯಾಗಿದೆ ಅಂತ ಡಾಕ್ಟರೇ ಬರೆದುಕೊಟ್ಟ ಮೇಲೆ ನಂದೇನಣ್ಣಾ. ನಿಮ್ಮಷ್ಟು ನಯವಾಗಿ ಓಡಿಸೋರು ಯಾರಿದಾರೆ ಹೇಳಿ. ಈಗಿನ ಹುಡುಗರ ಜೊತೆ ಟಿಕೆಟ್ ಕೊಡಕ್ಕೂ ಕಂಬ ಹಿಡ್ಕೋಬೇಕು. ನೀವಾದ್ರೆ ಎರಡೂ ಕೈ ಬಿಟ್ಟು ನಿಂತಿರ್ತೀನಿ."

ಅವಳು ಚಹಾ ತಂದಳು. ಮುಂದಿನ ವಾರದ ಮಾತು ಅವಳಿಗೂ ಕೇಳಿಸಿತ್ತು. ಲೋಟ ಕೊಡುವಾಗ ಕಂಡಕ್ಟರನ್ನೇ ನೋಡಿದಳು, ಏನನ್ನೋ ಕೇಳುವವಳ ಹಾಗೆ, ಆಮೇಲೆ ತಟ್ಟೆ ಎದೆಗೆ ಹಿಡಿದು ಒಳಗೆ ಹೋದಳು. ಕಂಡಕ್ಟರ್ ಚಹಾ ಮುಗಿಸಿ ಹೊರಡುವಾಗ ಒಣ ಎಲೆಯ ಮೇಲೆ ಕಾಲಿಟ್ಟು, ಮಣ್ಣು ಕುಸಿದು, ಮುಗ್ಗರಿಸಿದ. "ಏನಣ್ಣಾ ಇದು, ಹೆಗ್ಗಣ ತೋಡಿದೆಯಾ?" ಎಂದು ನಕ್ಕು ಗೇಟು ಹಾಕಿಕೊಂಡು ಹೋದ.

ಬಿಸಿಲು ತಗ್ಗಿದ ಮೇಲೆ ಅವನು ಗಾಡಿಯನ್ನು ಶುಚಿ ಮಾಡಲು ಕೂತ. ದಿನದ ಓಟ ಮುಗಿದ ಮೇಲೆ ಟ್ಯಾಂಕಿನಲ್ಲಿ ಒಂದು ತೊಟ್ಟೂ ಉಳಿಸಬಾರದು; ಗಾಳಿ ಸೋಸುವ ಸ್ಪಂಜನ್ನು ತೊಳೆದು ಒಣಗಿಸಿ ಎಣ್ಣೆ ಹಿಂಡಬೇಕು; ಪ್ಲಗ್ ಬಿಚ್ಚಿ ಆ ತೂತಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು ದಾರ ಎಳೆಯಬೇಕು, ಇಲ್ಲವಾದರೆ ಒಳಗೆ ತುಕ್ಕು. ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಮಣ್ಣು ತಿಕ್ಕುತ್ತ ಅವನು ಮನಸ್ಸಿನಲ್ಲಿ ಬಸ್ಸು ಹತ್ತಿದ. ಡಿಪೋದ ಗೇಟು, ಮಾರುಕಟ್ಟೆಯ ಹಿಂಭಾಗ, ಮುದುಕಿಯೊಬ್ಬಳು ದಿನಾ ಕೈ ಅಡ್ಡ ಹಿಡಿದು ನಿಲ್ಲಿಸುವ, ನಿಲ್ದಾಣವೇ ಅಲ್ಲದ ಜಾಗ. ನೀರಿನ ಟ್ಯಾಂಕಿನ ಹತ್ತಿರ ಏರು ಮುಗಿದು ಇಳಿಜಾರು ಶುರುವಾಗುತ್ತದೆ, ಕೆಳಗೆ ಸೇತುವೆ, ಸೇತುವೆಗೆ ಮೊದಲು ಬಲತಿರುವು. ಅಂಗಳದಲ್ಲಿ ಕಳೆದುಹೋದ ಆ ಹೊತ್ತನ್ನು ತೆಗೆದು ಅವನು ರಸ್ತೆಯ ಮೇಲೆ ಇಟ್ಟು ನೋಡಿದ. ಮಾರುಕಟ್ಟೆಯ ಹತ್ತಿರ ಇಟ್ಟರೆ ಏನೂ ಆಗುವುದಿಲ್ಲ, ಅಲ್ಲಿ ಬಸ್ಸು ನಿಂತೇ ಇರುತ್ತದೆ. ಏರಿನಲ್ಲಿ ಇಟ್ಟರೆ ಹಿಂದಿನ ಗಾಡಿಗೆ ತಗಲುತ್ತದೆ. ಇಳಿಜಾರಿನಲ್ಲಿ ಇಟ್ಟ. ರಿಮೋಟಿನ ಮೇಲೆ ಬೆರಳು ಬಿಗಿದ ಹಾಗೆ ಕಾಲು ಆಕ್ಸಲರೇಟರಿನ ಮೇಲೆ ಬಿಗಿದಿತ್ತು, ಎದುರು ಬಿಸಿಲು ಬಿದ್ದ ಗೋಡೆ ಇರಲಿಲ್ಲ, ಕಂಡಕ್ಟರ್ ಎರಡೂ ಕೈ ಬಿಟ್ಟು ನಿಂತಿದ್ದ. ಅವನು ಬ್ರಶ್ಶು ಕೆಳಗಿಟ್ಟ. ಮತ್ತೆ ಎತ್ತಿಕೊಂಡ. ಈ ಸಲ ಬೇರೆ ರೂಟು ಕೇಳಿದರಾಯಿತು, ಇಳಿಜಾರಿಲ್ಲದ್ದು, ಎಂದುಕೊಂಡ. ಅಂಥ ಊರನ್ನು ಯಾರಾದರೂ ತನಗಾಗಿ ಕಟ್ಟಿಸಬೇಕು ಎಂದು ತನಗೇ ಹೇಳಿಕೊಂಡು ಹಲ್ಲು ಕಚ್ಚಿದ.

ಡ್ರೈಯರನ್ನು ವಾಪಸಿಡಲು ಒಳಗೆ ಹೋದಾಗ ಅವಳು ಅಡುಗೆಮನೆಯಲ್ಲಿದ್ದಳು. ಮಷೀನಿನ ಮೇಲೆ ನೀಲಿ ಬಟ್ಟೆಯೊಂದು ಇನ್ನೂ ಸೂಜಿಯ ಕೆಳಗೇ ಇತ್ತು. ಅಂಚಿಗೆ ಹೊಲಿಗೆ ಹಾಕಿದಂತೆ ಕಂಡಿತು, ಬೆರಳಾಡಿಸಿದರೆ ಹೊಲಿಗೆ ಇಲ್ಲ, ಬರೀ ತೂತು. ಸಾಲು ಸಾಲು ತೂತು, ಉದ್ದಕ್ಕೆ ಹೋಗಿ, ತಿರುಗಿ ಬಂದು, ಬಟ್ಟೆಯ ನಟ್ಟನಡುವೆ ಅಡ್ಡಾದಿಡ್ಡಿ ಓಡಾಡಿದ ತೂತು. ಸೂಜಿಯಲ್ಲಿ ದಾರವೇ ಇರಲಿಲ್ಲ. ಒಂದು ಗೇಣು ಬಟ್ಟೆ ಹಾಳು ಮಾಡಿದರೆ ಎರಡು ದಿನ ಪೇಚಾಡುವವಳು. ಬೆಳಿಗ್ಗೆ ತಾನು ಮೆಟ್ಟಿಲ ಮೇಲೆ ಕಣ್ಣು ಬಿಟ್ಟಾಗ ಒಂದೇ ಸಮನೆ ಕೇಳಿಸಿದ್ದು ಇದು. ಅವಳು ಹೊರಗೆ ಬಂದಿದ್ದಳು. ಗೋಡೆಯ ಹತ್ತಿರ ನಿಂತಿದ್ದವನನ್ನು ನಡೆಸಿಕೊಂಡು ತಂದು ಮೆಟ್ಟಿಲ ಮೇಲೆ ಕೂರಿಸಿದವಳು ಅವಳು, ಬೆರಳು ಬಿಡಿಸಿ ರಿಮೋಟನ್ನು ಪಕ್ಕಕ್ಕಿಟ್ಟವಳು ಅವಳು. ತನಗೆ ಎಚ್ಚರ ಮರಳುವ ಸೂಚನೆ ಕಂಡ ಕೂಡಲೇ ಒಳಗೆ ಓಡಿ ಕೈಗೆ ಸಿಕ್ಕಿದ ಬಟ್ಟೆ ತುರುಕಿ ತುಳಿದಿದ್ದಾಳೆ. ಅವಳು ನೋಡಿಲ್ಲ ಎಂದು ತಾನು ತಿಳಿಯಲಿ ಎಂದು.

ಮೊದಲು ಬಂದದ್ದು ಅವಮಾನ, ಅದರ ಹಿಂದೆಯೇ ಹಗುರ. ಹಾಗಾದರೆ ನಾಳೆ ಅವಳೇ ಹೇಳುತ್ತಾಳೆ. ಡಾಕ್ಟರು ಕೇಳುತ್ತಾರೆ, ಅವಳು ತಲೆ ತಗ್ಗಿಸಿ ನಿನ್ನೆ ಆಯಿತು ಎನ್ನುತ್ತಾಳೆ, ನಾನು ಗರ ಬಡಿದವನ ಹಾಗೆ ಅವಳ ಕಡೆ ತಿರುಗಿ ನೋಡುತ್ತೇನೆ. ಆಮೇಲೆ ಜೀವಮಾನವೆಲ್ಲ ಮನೆಯಲ್ಲಿ ಮುಖ ಗಂಟಿಕ್ಕಿಕೊಂಡು ಓಡಾಡಬಹುದು, ಕಂಡಕ್ಟರಿನ ಮೇಲೆ ಮಾಡಿದಂತೆ. ಬಸ್ಸು ಹೋದರೂ ದೂರುವುದಕ್ಕೆ ಒಬ್ಬರಿರುತ್ತಾರೆ. ತನಗೆ ಬೇಕಾದದ್ದು ಇದೇ ಎಂದು ಗೊತ್ತಾದಾಗ ಅವನಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು. ಆದರೂ ಊಟಕ್ಕೆ ಕೂತಾಗ ಅವಳ ಮುಖದಲ್ಲಿ ನಾಳೆಯ ಮಾತು ಹುಡುಕಿದ. ಅವಳು, "ಇನ್ನು ಸ್ವಲ್ಪ ಹಾಕ್ಲಾ?" ಎಂದಷ್ಟೇ ಕೇಳಿದಳು.

ಬೆಳಿಗ್ಗೆ ಆಸ್ಪತ್ರೆಗೆ ಬಸ್ಸಿನಲ್ಲೇ ಹೋದರು. ಗುರುತಿನ ಡ್ರೈವರ್ ಕನ್ನಡಿಯಲ್ಲಿ ನೋಡಿ ಕೈ ಎತ್ತಿದ. ಅವಳು ಕಿಟಕಿಯ ಪಕ್ಕ ಕೂತು ಮಡಿಲಲ್ಲಿ ಬ್ಯಾಗು ಹಿಡಿದಿದ್ದಳು, ಮದುವೆಗೆ ಉಡುವಂಥ ಸೀರೆ ಉಟ್ಟಿದ್ದಳು. ಡಾಕ್ಟರಮ್ಮ ಹಿಂದಿನ ಕಾಗದಗಳನ್ನು ತಿರುವಿ ಹಾಕಿ, ಕಣ್ಣಿಗೆ ಬೆಳಕು ಬಿಟ್ಟು, ಮೂಗು ಮುಟ್ಟಿಸಿ, ಗೆರೆಯ ಮೇಲೆ ನಡೆಸಿದರು. ಗೆರೆಯ ಮೇಲೆ ಅವನು ಚೆನ್ನಾಗಿ ನಡೆದ. "ಮಾತ್ರೆ ತಪ್ಪಿಸ್ತಿಲ್ಲ ತಾನೆ? ಮತ್ತೆ ಯಾವತ್ತಾದ್ರೂ ಆಯ್ತಾ?" ಅವನು ಬಾಯಿ ತೆರೆಯುವ ಮೊದಲೇ ಅವರು ಅವಳ ಕಡೆ ತಿರುಗಿದ್ದರು. "ನೀವು ಹೇಳಿಮ್ಮ. ಜೊತೆಗಿರೋವ್ರು ನೀವು."

ಅವನು ಕಾದ. ಗೋಡೆಯ ಮೇಲೆ ತಲೆಬುರುಡೆಯೊಳಗಿನ ಚಿತ್ರವೊಂದಿತ್ತು, ಒಂದೊಂದು ಭಾಗಕ್ಕೂ ಒಂದೊಂದು ಬಣ್ಣ.

"ಇಲ್ಲ ಡಾಕ್ಟ್ರೇ," ಎಂದಳು ಅವಳು. "ಏನೂ ಆಗಿಲ್ಲ. ಚೆನ್ನಾಗಿದಾರೆ."

ಅವಳ ದನಿ ನಡುಗಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು ಇಷ್ಟು ಗಟ್ಟಿಯಾಗಿ ಹೇಳಬೇಕಾದರೆ ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿರಬೇಕು. ಅವನ ಕಡೆ ತಿರುಗಲಿಲ್ಲ. ಬ್ಯಾಗಿನ ಪಟ್ಟಿಯನ್ನು ಹಿಡಿದ ಬೆರಳುಗಳು ಬಿಳಚಿದ್ದವು. ಡಾಕ್ಟರಮ್ಮ ಒಳ್ಳೆಯದು ಎಂದು ಪೆನ್ನು ತೆಗೆದರು. ಕೊಡುತ್ತಿದ್ದಾಳೆ, ಬಸ್ಸನ್ನು ತೆಗೆದು ನನ್ನ ಕೈಗೆ ಕೊಡುತ್ತಿದ್ದಾಳೆ, ಬೇಡ ಎನ್ನುವವರು ಇನ್ನು ಈ ಕೋಣೆಯಲ್ಲಿ ಯಾರೂ ಇಲ್ಲ. ಕಂಡಕ್ಟರ್ ಆ ಸಂಜೆ ಮ್ಯಾನೇಜರ್ ಮುಂದೆ ಹೇಗೆ ನಿಂತಿದ್ದನೋ, ಯಾವ ಬಾಯಲ್ಲಿ ಹೇಳಿದನೋ. ಪೆನ್ನು ಕಾಗದಕ್ಕೆ ತಾಗಿತು.

"ಆಗಿದೆ," ಎಂದ ಅವನು. "ನಿನ್ನೆ ಬೆಳಿಗ್ಗೆ ಆಯ್ತು."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಒಬ್ಬರ ಮುಖ ಆದ ಮೇಲೆ ಒಬ್ಬರ ಮುಖ ನೋಡಿದರು. ಬೈಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, "ಎಷ್ಟು ಹೊತ್ತು ಇತ್ತು?" ಎಂದು ಕೇಳಿದರು.

"ನನಗೆ ಗೊತ್ತಾಗಲ್ಲ ಡಾಕ್ಟ್ರೇ. ಇವಳನ್ನ ಕೇಳಿ. ಇವಳು ಇದ್ದಳು."

ಅವಳು ಈಗ ಅವನ ಕಡೆ ತಿರುಗಿದಳು. ಸಿಕ್ಕಿಬಿದ್ದವಳ ಮುಖವಾಗಿರಬಹುದು ಎಂದುಕೊಂಡಿದ್ದ, ಹಾಗಿರಲಿಲ್ಲ. ತುಂಬ ದಿನದಿಂದ ನಿದ್ದೆಯಿಲ್ಲದವಳ ಮುಖ ಅದು, ಇಷ್ಟು ಹತ್ತಿರದಿಂದ ಅವನು ಅದನ್ನು ಈಚೆಗೆ ನೋಡಿಯೇ ಇರಲಿಲ್ಲ. ಅವಳು ಡಾಕ್ಟರನ್ನು ಬಿಟ್ಟು ಅವನನ್ನೇ ಕೇಳಿದಳು, ಮೆಲ್ಲಗೆ, ಊಟಕ್ಕೆ ಬಡಿಸುವಾಗ ಕೇಳುವ ದನಿಯಲ್ಲಿ:

"ನಿನ್ನೆದೊಂದೇ ಹೇಳ್ಲಾ, ಇಲ್ಲಾ ಎಲ್ಲಾನೂ ಹೇಳ್ಲಾ?"

ತಣ್ಣಗಾಗಿಹೋಗಿರುತ್ತಿದ್ದ ಚಹಾದ ಲೋಟಗಳು, ಪಕ್ಕದಲ್ಲಿ ಅವಳು ನಿಂತಿರುತ್ತಿದ್ದದ್ದು ಅವನಿಗೆ ನೆನಪಾಯಿತು. ಆಮೇಲೆ ಅವಳ ಮಡಿಲಿನಿಂದ ಬ್ಯಾಗನ್ನು ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡು, "ಎಲ್ಲಾನೂ ಹೇಳು," ಎಂದ.